ಕೋಲಾರದ ಕಪ್ಪು ಕಲ್ಲು ಮತ್ತು ಜ್ವಾಲಾಮುಖಿ

ಮಕ್ಕಳೇ, ಬೂದಿಕೋಟೆಯ ಬೆಟ್ಟದ ಬಂಡೆಯನ್ನು ಹತ್ತಿರದಿಂದ ನೋಡಿದ್ದೀರಾ? ಬಿಳಿ, ಬೂದು, ಕಪ್ಪು ಹರಳುಗಳು ಬರಿಗಣ್ಣಿಗೇ ಕಾಣುತ್ತವೆ. ನೆಲದಾಳದಲ್ಲಿ ಬಹಳ ನಿಧಾನವಾಗಿ ತಣಿದ ಕಲ್ಲು ಅದು. ಅಲ್ಲಿಂದ ಪೂರ್ವಕ್ಕೆ, ಕೆಜಿಎಫ್ ಕಡೆ ಹೋದರೆ ಕಪ್ಪು ಕಲ್ಲು ಸಿಗುತ್ತದೆ. ಸುಮಾರು 270 ಕೋಟಿ ವರ್ಷಗಳ ಹಿಂದೆ ಅದು ಕೆಂಪಗೆ ಕಾದು ಹರಿದ ಲಾವಾ. ಹರಿದದ್ದು ನೀರಿನಡಿಯಲ್ಲಿ!

ನೀರಿತ್ತು ಎಂದು ಹೇಗೆ ಗೊತ್ತು? ಕೆಜಿಎಫ್ ಬಳಿಯ ಪೆದ್ದಪಲ್ಲಿಯಲ್ಲಿ ಅದಕ್ಕೆ ಸಾಕ್ಷಿ ಇದೆ. ನೀರಿನೊಳಗೆ ಉಕ್ಕಿದ ಲಾವಾದ ಹೊರಮೈ ತಟ್ಟನೆ ಗಟ್ಟಿಯಾಗುತ್ತದೆ, ಒಳಗಿನದು ಇನ್ನೂ ಮೆತ್ತಗಿರುತ್ತದೆ. ಹಾಗಾಗಿ ಅದು ಉಬ್ಬಿ, ಒಂದರ ಮೇಲೊಂದು ಪೇರಿಸಿದ ದಿಂಬುಗಳ ಆಕಾರ ಪಡೆಯುತ್ತದೆ. ಇದೇ ದಿಂಬು ಲಾವಾ. ಪ್ರತಿ ದಿಂಬಿನ ಮೇಲ್ಭಾಗ ದುಂಡಗೆ. ಕೆಳಭಾಗ ಮಾತ್ರ ಕೆಳಗಿನೆರಡು ದಿಂಬುಗಳ ಸಂದಿಗೆ ಚೂಪಾಗಿ ಇಳಿದಿರುತ್ತದೆ. ಇದನ್ನು ನೋಡಿಯೇ ಭೂವಿಜ್ಞಾನಿಗಳು ಆ ಕಾಲದಲ್ಲಿ ಯಾವುದು ಮೇಲು, ಯಾವುದು ಕೆಳಗು ಎಂದು ಹೇಳಬಲ್ಲರು. ಎಂಥ ಸೊಗಸಾದ ಪತ್ತೇದಾರಿ ಕೆಲಸ!

ಅದೇ ಪೆದ್ದಪಲ್ಲಿಯಲ್ಲಿ ಜ್ವಾಲಾಮುಖಿ ಸಿಡಿದಾಗ ಚಿಮ್ಮಿದ ಕಲ್ಲಿನ ತುಂಡುಗಳು ಬೆಸೆದುಕೊಂಡ ಬಂಡೆಯೂ ಇದೆ. ಸುಮ್ಮನೆ ಹರಿಯುವುದೂ ಉಂಟು, ಸಿಡಿಯುವುದೂ ಉಂಟು.

ಇವತ್ತಿನ ಜ್ವಾಲಾಮುಖಿಗಳಲ್ಲೂ ಹೀಗೇ. ಹವಾಯಿಯ ಕಿಲಾವೇಯಾ ಪದೇ ಪದೇ ಉಕ್ಕುತ್ತದೆ, ಹೆಚ್ಚಾಗಿ ಅದರ ಲಾವಾ ಸುಮ್ಮನೆ ಹರಿದುಹೋಗುತ್ತದೆ. ಆದರೆ 1924ರ ಮೇ ತಿಂಗಳಲ್ಲಿ ಅದು ತನ್ನ ರೂಢಿ ಬಿಟ್ಟಿತು. ಬಾಯಲ್ಲಿದ್ದ ಲಾವಾ ಆಳಕ್ಕೆ ಇಳಿದುಹೋಯಿತು. ಖಾಲಿಯಾದ ಬಿಸಿ ಕೊಳವೆಗೆ ಅಂತರ್ಜಲ ನುಗ್ಗಿತು ಎಂದು ವಿಜ್ಞಾನಿಗಳು ವಿವರಿಸುತ್ತಾರೆ. ಕಾದ ದೋಸೆ ಕಲ್ಲಿಗೆ ನೀರು ಚಿಮುಕಿಸಿದರೆ ಚುರ್ ಎಂದು ಆವಿ ಏಳುತ್ತದಲ್ಲ, ಹಾಗೆಯೇ; ಆದರೆ ಇಲ್ಲಿ ಆವಿಗೆ ಹೊರಹೋಗಲು ದಾರಿಯಿರಲಿಲ್ಲ. ಒತ್ತಡ ಏರಿ, ಹಲವು ಟನ್ ತೂಕದ ಬಂಡೆಗಳು ಆಕಾಶಕ್ಕೆ ಹಾರಿದವು.

ಕೋಲಾರದ ಜ್ವಾಲಾಮುಖಿ ಮತ್ತೆ ಏಳುತ್ತದೆಯೇ ಎಂಬ ಭಯ ಬೇಡ. ಅದು ಎಂದೋ ಆರಿಹೋಗಿದೆ. ಭಾರತದಲ್ಲಿ ಈಗ ಉಕ್ಕುವುದು ಅಂಡಮಾನಿನ ಬ್ಯಾರನ್ ದ್ವೀಪದ ಜ್ವಾಲಾಮುಖಿ.

ಪೆದ್ದಪಲ್ಲಿಯ ಈ ಬಂಡೆಗಳು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಶಾಲೆಯಿಂದ ಹೋದಾಗ ಮುಟ್ಟಿ ನೋಡಿ, ಚಿತ್ರ ಬರೆದುಕೊಳ್ಳಿ. ಒಂದು ಚೂರನ್ನೂ ಒಡೆದು ತರಬೇಡಿ.