ನಂದಿಯ ಸಾಲು ಬೆಟ್ಟಗಳ ಹಳೆಯ ನಕ್ಷೆ



ನಕ್ಷೆಯೆಂದೊಡನೆ ನಮ್ಮ ರೈತರಿಗೆ ನೆನಪಾಗುವುದು ಹಿಂದೆ ಶಾನುಭೋಗರ ದಫ್ತರದಲ್ಲಿದ್ದ ಗ್ರಾಮನಕ್ಷೆ. ಅದರಲ್ಲಿ ಹೊಲದ ಎಲ್ಲೆಯುಂಟು, ಸರ್ವೆ ನಂಬರುಂಟು. ನೆಲದ ಏರುತಗ್ಗು ಮಾತ್ರ ಇಲ್ಲ.

ಏರುತಗ್ಗನ್ನು ತೋರಿಸುವ ನಕ್ಷೆಯ ಹುಟ್ಟು ಬೇರೆ. 1799ರಲ್ಲಿ ಶ್ರೀರಂಗಪಟ್ಟಣವು ಬಿದ್ದ ಮೇಲೆ ಕಾಲಿನ್ ಮೆಕೆಂಜಿಯು ಮೈಸೂರು ಸೀಮೆಯ ಮೋಜಣಿಗೆ ನಿಯುಕ್ತನಾದನು. 1800ರಲ್ಲಿ ವಿಲಿಯಂ ಲ್ಯಾಂಬ್ಟನ್ನನು ಬೆಂಗಳೂರಿನ ಬಳಿ ಆಧಾರರೇಖೆಯೊಂದನ್ನು ಅಳೆದನು. ಆಳುವವರಿಗೆ ಬೇಕಾಗಿದ್ದುದು ದುರ್ಗ, ದಾರಿ, ಕಂದಾಯ. 1791ರಲ್ಲಿ ನಂದಿದುರ್ಗವನ್ನು ಹಿಡಿಯಲು ಪಟ್ಟ ಪಾಡನ್ನು ಅವರು ಮರೆತಿರಲಾರರು!

ಮೈಲಿಗೆ ಒಂದು ಅಂಗುಲದ ಅಳತೆಯ ಬಣ್ಣದ ಹಾಳೆಗಳು ಬಂದುದು ಇಪ್ಪತ್ತನೆಯ ಶತಮಾನದಲ್ಲಿ. ಅವುಗಳಲ್ಲಿ ಸಮಾನ ಎತ್ತರದ ಸ್ಥಳಗಳನ್ನು ಕಂದುಗೆರೆಗಳು ಕೂಡಿಸುತ್ತವೆ. 4851 ಅಡಿಯ ನಂದಿಯ ಸುತ್ತ ಈ ಗೆರೆಗಳು ಒತ್ತೊತ್ತಾಗಿವೆ. ಜಂಗಮಕೋಟೆಯ ಬಯಲಿಗೆ ಬಂದರೆ ವಿರಳವಾಗುತ್ತವೆ. ಸದಾ ಹರಿಯುವ ನೀರಿಗೆ ನೀಲಿ, ಮಳೆಗಾಲದಲ್ಲಿ ಮಾತ್ರ ಹರಿಯುವ ಹಳ್ಳಕ್ಕೆ ಕಪ್ಪು. ನಮ್ಮ ಸೀಮೆಯಲ್ಲಿ ಕಪ್ಪೇ ಹೆಚ್ಚು. ಅರಿಯದವರು ಅದನ್ನು ಬಂಡಿದಾರಿಯೆಂದು ಭಾವಿಸುವುದೂ ಉಂಟು.

ಕಾಡಿಗೆ ಹಸುರು ಬಳಿದಿದೆ. ರಕ್ಷಿತಾರಣ್ಯದ ಎಲ್ಲೆಯನ್ನು ಗುರುತಿಸಿದೆ. ಆ ಎಲ್ಲೆಯು ಬೆಟ್ಟದ ಬುಡದಲ್ಲಿ ನಿಂತುಬಿಡುತ್ತದೆ, ನೀರು ನಿಲ್ಲುವುದಿಲ್ಲ. ದಕ್ಷಿಣ ಪಿನಾಕಿನಿಯನ್ನೇ ನೋಡಿರಿ. ನಂದಿಯ ನೆರೆಯ ಚನ್ನಗಿರಿಯಲ್ಲಿ ಹುಟ್ಟಿ, ಜಂಗಮಕೋಟೆಯ ಕೆರೆಯನ್ನೂ ಹೊಸಕೋಟೆಯ ಕೆರೆಯನ್ನೂ ತುಂಬಿ, ತಮಿಳುನಾಡನ್ನು ಹೊಕ್ಕು ಕಡಲೂರಿನ ಬಳಿ ಸಮುದ್ರವನ್ನು ಸೇರಬೇಕಾದ ಹೊಳೆಯದು. ಉತ್ತರ ಪಿನಾಕಿನಿಯು ಇದೇ ಬೆಟ್ಟಗಳಿಂದ ಗೌರಿಬಿದನೂರಿನ ಕಡೆಗೆ, ಅರ್ಕಾವತಿಯು ಕಾವೇರಿಯ ಕಡೆಗೆ ಇಳಿಯುತ್ತವೆ. ಅರಣ್ಯದ ಲೆಕ್ಕವನ್ನು ಒಂದು ಇಲಾಖೆಯೂ ಕೆರೆಯ ಲೆಕ್ಕವನ್ನು ಇನ್ನೊಂದೂ ಇಟ್ಟುಕೊಂಡಿದ್ದರೂ, ಹಾಳೆಯ ಮೇಲೆ ಅವೆರಡೂ ಒಂದೇ ಇಳಿಜಾರಿನ ಎರಡು ತುದಿಗಳು.

ಈ ಮಾತಿಗೆ ಇಂದು ಬೆಲೆ ಬಂದಿದೆ. ಬೆಂಗಳೂರು ಬೆಳೆದಂತೆಲ್ಲ ಈ ಬಯಲಿನ ಹೊಲಗಳು ನಿವೇಶನಗಳಾಗುತ್ತಿವೆ; ಕೊಳವೆಬಾವಿಗಳು ಆಳಕ್ಕೆ ಇಳಿದಿವೆ. ನಿವೇಶನವನ್ನು ಕೊಳ್ಳುವವರು ಕ್ರಯಪತ್ರವನ್ನೂ ಪಹಣಿಯನ್ನೂ ಕೂಲಂಕಷವಾಗಿ ನೋಡುವರು, ಇಳಿಜಾರನ್ನು ನೋಡರು. ಬತ್ತಿದ ರಾಜಕಾಲುವೆಯನ್ನು ಮುಚ್ಚಿ ಮನೆ ಕಟ್ಟಿದರೆ ಹತ್ತು ವರ್ಷ ಏನೂ ಆಗದಿರಬಹುದು. ದೊಡ್ಡ ಮಳೆ ಬಂದ ದಿನ ನೀರು ತನ್ನ ಹಳೆಯ ದಾರಿಯನ್ನೇ ಹಿಡಿಯುತ್ತದೆ. ಕೆಳಗಿನ ಕೆರೆಗೆ ಮಾತ್ರ ಅದು ತಲಪುವುದಿಲ್ಲ.

ಸರ್ವೆ ಆಫ್ ಇಂಡಿಯಾದ ಈಗಿನ ಹಾಳೆಗಳಲ್ಲಿ ಅಡಿಯ ಬದಲು ಮೀಟರು ಬಂದಿದೆ. ಹಳೆಯ ಹಾಳೆ, ಹೊಸ ಹಾಳೆ, ಗ್ರಾಮನಕ್ಷೆ, ಮೂರನ್ನೂ ಪಂಚಾಯಿತಿಯ ಮೇಜಿನ ಮೇಲೆ ಹರಡಿದಾಗ ಮೊದಲು ಹುಡುಕಬೇಕಾದುದು ಕೆರೆಯ ಏರಿಯನ್ನು. ಅಲ್ಲಿಂದ ಕಪ್ಪುಗೆರೆಯನ್ನು ಹಿಡಿದು ಬೆಟ್ಟದವರೆಗೆ ಬೆರಳನ್ನು ಮೇಲಕ್ಕೆ ಸರಿಸುತ್ತ ಹೋದರೆ, ಕಾಲುವೆ ಎಲ್ಲಿ ಕಡಿದಿದೆಯೆಂಬುದು ಹಳ್ಳಿಯ ಹಿರಿಯರಿಗೆ ಯಾರೂ ಹೇಳದೆಯೇ ತಿಳಿಯುವುದು.