ತಾಳ ಹಾಕುವ ಕೈ
(ಸಂಘದ ವಾರ್ಷಿಕೋತ್ಸವದ ಅಂಗವಾಗಿ ನಡೆದ ಕುಟುಂಬಗೋಷ್ಠಿಯಲ್ಲಿ ಮಾಡಿದ ಭಾಷಣ)



'ದಾಂಪತ್ಯ ಮತ್ತು ಸಂಗೀತ' ಎಂಬ ವಿಷಯವನ್ನು ಗೊತ್ತುಮಾಡಿ, ಅದರ ಮೇಲೆ ನಾಲ್ಕು ಮಾತುಗಳನ್ನಾಡಬೇಕೆಂದು ಸಂಘದ ಕಾರ್ಯದರ್ಶಿಗಳು ನನಗೆ ಅಪ್ಪಣೆ ಮಾಡಿದಾಗ ನಾನು ತುಸು ಹಿಂಜರಿದೆನು. ವ್ಯಾಕರಣದ ಮೇಲೆ, ಛಂದಸ್ಸಿನ ಮೇಲೆ, ಕಡೆಗೆ ಕಾಸರಗೋಡಿನ ಕನ್ನಡಿಗರ ಕಷ್ಟಗಳ ಮೇಲೆ ಮಾತನಾಡೆಂದರೆ ಕನ್ನಡ ಪಂಡಿತನಿಗೆ ಪೂರ್ವಸಿದ್ಧತೆಯೇ ಬೇಕಾಗಿಲ್ಲ. ಆದರೆ ಹೆಂಡತಿಯನ್ನು ಸಭೆಯ ಎರಡನೆಯ ಸಾಲಿನಲ್ಲಿ ಕುಳ್ಳಿರಿಸಿಕೊಂಡು ದಾಂಪತ್ಯದ ಕುರಿತು ಮಾತನಾಡುವುದು ಬೇರೆಯೇ ಬಗೆಯ ಸಾಹಸ. ಆಕೆ ಬಂದಿದ್ದಾಳೆ. ಮುಂದೆ ನಾನು ಹೇಳಲಿರುವ ಒಂದು ಸಂಗತಿಗೆ ಆಕೆಯ ಒಪ್ಪಿಗೆಯನ್ನು ನಿನ್ನೆ ರಾತ್ರಿಯೇ ಪಡೆದಿದ್ದೇನೆ. ಆದುದರಿಂದ ತಾವು ಆಕೆಯ ಮುಖವನ್ನು ತಿರುಗಿ ತಿರುಗಿ ನೋಡಬೇಕಾಗಿಲ್ಲ.

ನಮ್ಮ ಶಾಲೆಯ ಹತ್ತನೆಯ ತರಗತಿಯ ಹುಡುಗನೊಬ್ಬನು ಒಮ್ಮೆ, ಪಕ್ಕದವನಿಗೆ ಮೊಣಕೈ ತಿವಿಯುತ್ತ, "ಸಾರ್, ಗಂಡಹೆಂಡಿರು ಒಬ್ಬರನ್ನೊಬ್ಬರು ಪ್ರೀತಿಸುತ್ತೇವೆಂದು ಕನ್ನಡದಲ್ಲಿ ಹೇಗೆ ಹೇಳಿಕೊಳ್ಳುತ್ತಾರೆ?" ಎಂದು ಕೇಳಿದನು. ಒಲವು, ಒಲುಮೆ, ನಲ್ಮೆ, ಅಕ್ಕರೆ ಎಂದು ನಿಘಂಟಿನ ಪದಗಳನ್ನು ಕರಿಹಲಗೆಯ ಮೇಲೆ ಸಾಲಾಗಿ ಬರೆಯಬಹುದಿತ್ತು. ಆದರೆ ನಮ್ಮ ಸೀಮೆಯ ಮನೆಗಳಲ್ಲಿ, ಒಳಗಿನ ಮಾತು ತುಳುವಾಗಿರಲಿ, ಕೊಂಕಣಿಯಾಗಿರಲಿ, ಹವಿಗನ್ನಡವಾಗಿರಲಿ, ಈ ಪದಗಳನ್ನು ಯಾರೂ ಬಾಯಿಬಿಟ್ಟು ಆಡಿದುದನ್ನು ನಾನು ಕೇಳಿಲ್ಲ. "ಮಳೆ ಬರುವ ಹಾಗಿದೆ, ಕೊಡೆ ತೆಗೆದುಕೊಂಡಿರಾ? ಎಂದು ಕೇಳುತ್ತಾರೆ. ಅದೇ ಅದು" ಎಂದೆನು. ಹುಡುಗರು ನಕ್ಕರು. ಅವರಿಗೆ ಅದು ಹಾಸ್ಯವಾಗಿ ಕಂಡಿತು.

ಬಾಯಿಬಿಟ್ಟು ಹೇಳದಿದ್ದರೂ ಹಾಡಿ ಹೇಳುವ ಒಂದು ಅವಕಾಶವನ್ನು ನಮ್ಮ ಹಿರಿಯರು ಇಟ್ಟಿದ್ದರು. ಕರಾವಳಿಯ ಮದುವೆಗಳಲ್ಲಿ ಉರುಟಣೆಯೆಂಬುದೊಂದುಂಟು. ಹೋಮಧೂಮಗಳೆಲ್ಲ ಮುಗಿದ ಮೇಲೆ ವಧೂವರರನ್ನು ಎದುರುಬದುರಾಗಿ ಕುಳ್ಳಿರಿಸಿ, ಒಬ್ಬರಿಗೊಬ್ಬರು ಅರಸಿನ ಹಚ್ಚುವಂತೆ ಮಾಡಿ, ಹಾಡಿ, ಹಾಡಿಸಿ ನಗಿಸುವ ಆಟವದು. ಕಾಲು ನೀಡೆಂದೊಂದು ಹಾಡು, ಕೈ ನೀಡೆಂದೊಂದು ಹಾಡು. ನಡುನಡುವೆ ಬೀಗರನ್ನು ಹಾಸ್ಯಮಾಡುವ ಹಾಡುಗಳು. ಹಿಂದಿನ ದಿನದವರೆಗೆ ಪರಸ್ಪರ ಮುಖ ಕಾಣದಿದ್ದ ಇಬ್ಬರು ಎಳೆಯರಿಗೆ, ಒಬ್ಬರನ್ನೊಬ್ಬರು ಮುಟ್ಟಲು ಸಮಾಜವು ಹಾಡಿನ ಮೂಲಕವೇ ಅನುಮತಿ ಕೊಡುತ್ತಿತ್ತೆಂಬುದನ್ನು ನೆನೆದಾಗ ಆ ಮುದುಕಿಯರ ಬುದ್ಧಿಗೆ ಕೈಮುಗಿಯಬೇಕೆನಿಸುತ್ತದೆ. ಈಗ ಅದಕ್ಕೆ ಧ್ವನಿಮುದ್ರಿಕೆಗಳು ಬಂದಿವೆ. ಹಾಡುವ ಶ್ರಮ ತಪ್ಪಿದೆ. ಇರಲಿ. ನನ್ನನ್ನು ಕಾಡುವ ಪ್ರಶ್ನೆ ಅದಲ್ಲ. ಮದುವೆಯ ಚಪ್ಪರವನ್ನು ಕಳಚಿದ ಮೇಲೆ ಆ ಹಾಡು ಎಲ್ಲಿಗೆ ಹೋಗುತ್ತದೆ?

ಇದಕ್ಕೆ ಕನ್ನಡದಲ್ಲಿ ಒಂದು ಚೆಲುವಾದ ಉತ್ತರವನ್ನು ಕೊಟ್ಟವನು ನನ್ನಂತೆಯೇ ಒಬ್ಬ ಬಡ ಉಪಾಧ್ಯಾಯ. ನಂದಳಿಕೆಯ ಲಕ್ಷ್ಮೀನಾರಾಯಣಪ್ಪ, ನಮಗೆಲ್ಲ ಮುದ್ದಣನೆಂದೇ ಪರಿಚಿತನಾದವನು. 1870ರಲ್ಲಿ ಹುಟ್ಟಿ, ಉಡುಪಿಯ ಶಾಲೆಯಲ್ಲಿ ಮಕ್ಕಳಿಗೆ ವ್ಯಾಯಾಮ ಕಲಿಸಿ, ಯಕ್ಷಗಾನ ಪ್ರಸಂಗಗಳನ್ನು ಬರೆದು, ಕ್ಷಯರೋಗದಿಂದ 1901ರಲ್ಲಿ ತೀರಿಕೊಂಡ ಆ ಮಹಾನುಭಾವನು ತನ್ನ 'ಶ್ರೀರಾಮಾಶ್ವಮೇಧ'ದ ರಾಮಕಥೆಯನ್ನು ಗಂಡಹೆಂಡಿರ ಸರಸ ಸಂಭಾಷಣೆಯ ಚೌಕಟ್ಟಿನೊಳಗೆ ಇಟ್ಟನು. ಹೊರಗೆ ಮಳೆಗಾಲ. ಗಂಡನು ಮನೆಗೆ ಬರುತ್ತಾನೆ. ಮನೋರಮೆಯು ಉಪಚರಿಸಿ, ಹೊತ್ತು ಹೋಗಲು ಕಥೆ ಹೇಳೆನ್ನುತ್ತಾಳೆ. ಅವನು ಪಾಂಡಿತ್ಯ ತೋರಿಸಹೊರಟರೆ ಅವಳು ತಡೆಯುತ್ತಾಳೆ. ತನಗೆ ಪದ್ಯ ಬೇಡ, ಗದ್ಯ ಬೇಕೆನ್ನುತ್ತಾಳೆ. ತಿಳಿಯದ ಮಾತು ಬಂದರೆ ಕೆಣಕುತ್ತಾಳೆ. ಅವಳು ತಡೆದಲ್ಲೆಲ್ಲ ಕಥೆಯು ನಿಲ್ಲುತ್ತದೆ, ಅವಳು ಹೂಂಗುಟ್ಟಿದಂತೆ ಮುಂದೆ ಸಾಗುತ್ತದೆ. ಆ ಮಹಾಕಥೆಗಿಂತ ಈ ಎಡೆಮಾತುಗಳೇ ಜನರ ಮನಸ್ಸಿನಲ್ಲಿ ಉಳಿದುವು. ಕನ್ನಡದ ಮೊದಲ ದೊಡ್ಡ ಕೇಳುಗಳು ಮನೋರಮೆಯೆಂದು ನಾನು ತರಗತಿಯಲ್ಲಿ ಹೇಳುವುದುಂಟು. ತರಗತಿಯಲ್ಲಿ ಹೇಳುವುದು ಸುಲಭ. ಅದನ್ನು ಆಮೇಲೆ ನೋಡೋಣ.

ಪುಸ್ತಕದ ದಂಪತಿಗಳನ್ನು ಬಿಟ್ಟು ನಮ್ಮ ಕಣ್ಣೆದುರೇ ಇದ್ದವರನ್ನು ನೆನೆಯೋಣ. ಈ ಕಾಸರಗೋಡಿನ ಪಕ್ಕದ ಮಧೂರಿನಲ್ಲಿ 1947ರಲ್ಲಿ ಹುಟ್ಟಿದ ಲೀಲಾವತಿ ಬೈಪಾಡಿತ್ತಾಯರು ಶಾಸ್ತ್ರೀಯ ಸಂಗೀತವನ್ನು ಕಲಿತವರು. ಅವರ ಕೈಹಿಡಿದ ಹರಿನಾರಾಯಣ ಬೈಪಾಡಿತ್ತಾಯರು ಯಕ್ಷಗಾನದ ಹಿಮ್ಮೇಳದವರು, ಚೆಂಡೆ ಮದ್ದಳೆಗಳಲ್ಲಿ ನುರಿತವರು. ಸಂಗೀತ ಬಲ್ಲ ಹೆಂಡತಿಗೆ ಭಾಗವತಿಕೆಯ ಮಟ್ಟುಗಳನ್ನೂ ತಾಳಗಳ ನಡೆಯನ್ನೂ ಹೇಳಿಕೊಟ್ಟವರು ಗಂಡನೇ. ಹೆಂಗಸರು ಚೌಕಿಯ ಹತ್ತಿರ ಸುಳಿಯುವುದೂ ಅಪರೂಪವಾಗಿದ್ದ ಕಾಲದಲ್ಲಿ ಆಕೆ ತೆಂಕುತಿಟ್ಟಿನ ವೃತ್ತಿಮೇಳಗಳಲ್ಲಿ ಭಾಗವತರಾಗಿ ಜಾಗಟೆ ಹಿಡಿದರು. ಪಕ್ಕದಲ್ಲಿ ಮದ್ದಳೆಗೆ ಗಂಡನಿದ್ದರು. ಊರಿಂದೂರಿಗೆ ಅಲೆದು ರಾತ್ರಿಯೆಲ್ಲ ಎಚ್ಚರವಿರುವ ತಿರುಗಾಟದ ಬದುಕನ್ನು ಇಬ್ಬರೂ ಸೇರಿಯೇ ನಡೆಸಿದರು. ಕರ್ನಾಟಕ ಸರಕಾರವು 2023ರಲ್ಲಿ ಆಕೆಗೆ ರಾಜ್ಯೋತ್ಸವ ಪ್ರಶಸ್ತಿಯನ್ನು ನೀಡಿತು. 2024ರ ಡಿಸೆಂಬರಿನಲ್ಲಿ ಆಕೆ ನಮ್ಮನ್ನಗಲಿದರು.

ಅವರ ಮನೆಯೊಳಗಿನ ಮಾತು ನಮಗೆ ಬೇಕಾಗಿಲ್ಲ. ರಂಗದ ಮೇಲಿನ ಏರ್ಪಾಡನ್ನು ನೋಡಿದರೆ ಸಾಕು. ಭಾಗವತನೇ ಮೊದಲನೆಯ ವೇಷವೆಂದು ಯಕ್ಷಗಾನದವರು ಹೇಳುವ ವಾಡಿಕೆಯಿದೆ. ಆಟದ ಓಟವೆಲ್ಲ ಅವನ ಕೈಯಲ್ಲಿ. ಪದವನ್ನು ಎಲ್ಲಿ ಎತ್ತಬೇಕು, ಎಲ್ಲಿ ಎಳೆಯಬೇಕು, ಎಲ್ಲಿ ಕಾಲವನ್ನು ಏರಿಸಬೇಕು ಎಂಬುದನ್ನು ನಿರ್ಧರಿಸುವವನು ಅವನು. ಮದ್ದಳೆಗಾರನು ತನ್ನ ವಾದ್ಯವನ್ನು ಹಾಡುವವನ ಶ್ರುತಿಗೆ ಹೊಂದಿಸಿಕೊಂಡು, ಆ ಕೊರಳಿನ ಮೇಲೆಯೇ ಕಿವಿಯಿಟ್ಟು ನಡೆಯಬೇಕು. ಅಂದಮೇಲೆ ಮನೆಯಲ್ಲಿ ಗುರುವಾದ ಗಂಡನು ರಂಗಕ್ಕೆ ಬಂದೊಡನೆ ಹೆಂಡತಿಯ ಹಿಂದೆ ನಡೆಯುವವನಾದನು! ತಿದ್ದುವ ಹೊತ್ತು ಬೇರೆ, ಒತ್ತಾಸೆಯಾಗುವ ಹೊತ್ತು ಬೇರೆ. ಹಾಡು ನಡೆಯುತ್ತಿರುವಾಗ ಮದ್ದಳೆಗಾರನು ಬಾರಿಸುವುದನ್ನು ನಿಲ್ಲಿಸಿ "ಅಲ್ಲಿ ತಪ್ಪಿತು" ಎಂದು ಹೇಳುವಂತಿಲ್ಲ. ತಪ್ಪಿದರೂ ಆ ತಪ್ಪನ್ನು ತನ್ನ ಪೆಟ್ಟಿನೊಳಗೆ ಸೇರಿಸಿಕೊಂಡು ಮುಂದಿನ ಆವರ್ತಕ್ಕೆ ದಾಟಿಸಬೇಕು. ನನ್ನ ಅಭಿಪ್ರಾಯದಲ್ಲಿ ಮದುವೆಯ ವಿಷಯದಲ್ಲಿ ಇದಕ್ಕಿಂತ ದೊಡ್ಡ ಪಾಠ ಸ್ಮೃತಿಗಳಲ್ಲಿಯೂ ಇಲ್ಲ.

ಎಲ್ಲರೂ ಭಾಗವತರಾಗಲಾರರು. ನಮ್ಮ ತಂದೆಯವರಿಗೆ ಹಾಡಲು ಬರುತ್ತಿರಲಿಲ್ಲ. ತಾಯಿಯನ್ನು ಅವರು ಹೆಸರು ಹಿಡಿದು ಕರೆದುದನ್ನೂ ನಾನು ಕೇಳಲಿಲ್ಲ. "ಇದಾ" ಎಂಬ ಎರಡಕ್ಷರವೇ ಅವರ ಸಂಬೋಧನೆ. ಮಂಗಳೂರಿನ ಆಕಾಶವಾಣಿ ನಿಲಯವು 1976ರಲ್ಲಿ ಆರಂಭವಾಯಿತಷ್ಟೆ. ಅಲ್ಲಿಂದ ಯಕ್ಷಗಾನ ತಾಳಮದ್ದಳೆಗಳು ಪ್ರಸಾರವಾಗುವ ರಾತ್ರಿ ನಮ್ಮ ಮನೆಯಲ್ಲಿ ಒಂದು ಸಣ್ಣ ಬದಲಾವಣೆ ಆಗುತ್ತಿತ್ತು. ಎಂದೂ ಹಿಂದಿನ ಜಗಲಿಯಲ್ಲಿರುವ, ಸುಲಿಯಬೇಕಾದ ಅಡಿಕೆಯ ರಾಶಿಯು ಅಂದು ಮಾತ್ರ ಚಾವಡಿಗೆ ಬರುತ್ತಿತ್ತು. ಗೋಣಿಯನ್ನು ಹೊತ್ತು ತರುತ್ತಿದ್ದವರು ತಂದೆಯವರು. ರೇಡಿಯೋ ಚಾವಡಿಯಲ್ಲಿತ್ತು. ಅಡಿಕೆ ಸುಲಿಯಲು ಅಮ್ಮ ಎಲ್ಲಿ ಕುಳಿತರೆ ಪದ ಚೆನ್ನಾಗಿ ಕೇಳಿಸುವುದೋ ಅಲ್ಲಿ ಮಣೆ, ಅಲ್ಲಿಯೇ ದೀಪ. "ನಿನಗೆ ಕೇಳಲೆಂದು ತಂದೆ" ಎಂದು ಅವರು ಹೇಳಲಿಲ್ಲ. "ಹಿಂದೆ ಸೊಳ್ಳೆ" ಎನ್ನುತ್ತಿದ್ದರು. ಚಾವಡಿಯಲ್ಲಿ ಸೊಳ್ಳೆ ಕಡಮೆಯಿತ್ತೆಂದೇನೂ ಅಲ್ಲ.

ಮುಂದೆ ತಂದೆಯವರ ಕಿವಿ ಮಂದವಾಯಿತು. ಕೆಲವು ವರ್ಷಗಳಲ್ಲಿ ಪೂರ್ತಿ ಹೋಯಿತೆನ್ನಬಹುದು. ಆದರೂ ಆ ಹೊತ್ತಿಗೆ ರೇಡಿಯೋದ ಎದುರು ಬಂದು ಬೆಂಚಿನ ಮೇಲೆ ಕುಳಿತುಕೊಳ್ಳುವ ಅಭ್ಯಾಸವನ್ನು ಬಿಡಲಿಲ್ಲ. ಆಗ ಅಮ್ಮ ಒಂದು ಉಪಾಯವನ್ನು ಕಂಡುಕೊಂಡಳು. ಅದೇ ಬೆಂಚಿನ ತುದಿಯಲ್ಲಿ ತಾನೂ ಕುಳಿತು, ಕೇಳುತ್ತಿರುವ ಪದದ ತಾಳವನ್ನು ಹಲಗೆಯ ಮೇಲೆ ಅಂಗೈಯಿಂದ ಹಾಕತೊಡಗಿದಳು. ಆ ಪೆಟ್ಟು ಮರದಲ್ಲಿ ಹರಿದು ತಂದೆಯವರ ಅಂಗೈಗೆ ಮುಟ್ಟುತ್ತಿತ್ತು. ಅವರು ಕಣ್ಣು ಮುಚ್ಚಿ, "ತ್ರಿವುಡೆ", "ಈಗ ಅಷ್ಟತಾಳ" ಎನ್ನುತ್ತಿದ್ದರು. ಒಮ್ಮೊಮ್ಮೆ ಆ ನಡೆಯಿಂದಲೇ ಪ್ರಸಂಗವನ್ನೂ ಊಹಿಸುತ್ತಿದ್ದರು.

ವಿದ್ವಾನ್ ಪರೀಕ್ಷೆಗೆ ಓದುತ್ತಿದ್ದ ನಾನು ರಜೆಯಲ್ಲಿ ಮನೆಗೆ ಬಂದಿದ್ದಾಗ ನಡೆದ ಮಾತು. ರೇಡಿಯೋದಲ್ಲಿ ವಾಲಿಸುಗ್ರೀವರ ಕಾಳಗ. ತಂದೆಯವರು ಸ್ವಲ್ಪ ಹೊತ್ತು ತಾಳವನ್ನು ಹಿಡಿದು, ಮುಖವೆಲ್ಲ ಅರಳಿ, "ಪಾರ್ತಿಸುಬ್ಬನ ಪಂಚವಟಿ!" ಎಂದರು. ಕುಂಬಳೆ ಸೀಮೆಯವರಿಗೆ ಪಾರ್ತಿಸುಬ್ಬನೆಂದರೆ ಮನೆಯ ಹಿರಿಯನಿದ್ದಂತೆ. ನಾನು "ಅಲ್ಲ ಅಪ್ಪಾ" ಎಂದು ಕೂಗಿ ಹೇಳಲು ಬಾಯಿ ತೆರೆದೆನು. ತಾಳ ಹಾಕುತ್ತಿದ್ದ ಅಮ್ಮನ ಕೈ ನನ್ನ ಮೊಣಕಾಲಿನ ಮೇಲೆ ಬಂದು ಒಮ್ಮೆ ಬಿಗಿಯಾಗಿ ಒತ್ತಿತು; ಮುಂದಿನ ಪೆಟ್ಟಿಗೆ ಸರಿಯಾಗಿ ಬೆಂಚಿನ ಮೇಲೆ ಮರಳಿ ಬಿದ್ದಿತು. ತಾಳ ತಪ್ಪಲಿಲ್ಲ. ತಂದೆಯವರು ಆ ರಾತ್ರಿ ಪಂಚವಟಿಯನ್ನೇ ಕೇಳಿದರು.

ಆ ಒತ್ತಿನ ಅರ್ಥ ಅಂದು ನನಗೆ ಆಗಲಿಲ್ಲವೆಂಬುದಕ್ಕೆ ನನ್ನ ಸಂಸಾರವೇ ಸಾಕ್ಷಿ. ನನ್ನ ಹೆಂಡತಿಯು ಸಂಗೀತವನ್ನು ಕ್ರಮವಾಗಿ ಕಲಿತವಳಲ್ಲ. ತನ್ನ ತಾಯಿಯಿಂದ ಬಾಯಿಪಾಠವಾಗಿ ಬಂದ ಹಾಡುಗಳನ್ನು ಸಂಜೆ ದೀಪ ಹಚ್ಚುವಾಗ ಹಾಡಿಕೊಳ್ಳುತ್ತಿದ್ದಳು. ಬಾಯಿಂದ ಬಾಯಿಗೆ ಬಂದ ಹಾಡಿನಲ್ಲಿ ಪದಗಳು ಸವೆದಿರುತ್ತವೆ. ಮಹಾಪ್ರಾಣ ಹೋಗಿರುತ್ತದೆ, ಸಮಾಸ ತಪ್ಪಾದ ಕಡೆ ಒಡೆದಿರುತ್ತದೆ. ನಾನೋ ಪಂಡಿತ! ಜಗಲಿಯಲ್ಲಿ ಉತ್ತರಪತ್ರಿಕೆಗಳನ್ನು ತಿದ್ದುತ್ತ ಕುಳಿತವನು ಅಲ್ಲಿಂದಲೇ ಹಾಡನ್ನೂ ತಿದ್ದುತ್ತಿದ್ದೆನು. ಆಕೆ ನಕ್ಕು ಸರಿಪಡಿಸಿಕೊಳ್ಳುತ್ತಿದ್ದಳು. ಒಂದು ನವರಾತ್ರಿಗೆ ಮನೆತುಂಬ ನೆಂಟರು. ಹಿರಿಯರ ಒತ್ತಾಯಕ್ಕೆ ಆಕೆ ಒಂದು ದೇವರನಾಮವನ್ನು ಎತ್ತಿದಳು. ಎರಡನೆಯ ನುಡಿಯಲ್ಲಿ ಒಂದು ಮಹಾಪ್ರಾಣ ತಪ್ಪಿತು. ನಾನು ಕುಳಿತಲ್ಲಿಂದಲೇ, ಹಾಡಿನ ನಡುವೆಯೇ, ಅದನ್ನು ಸರಿಯಾಗಿ ಉಚ್ಚರಿಸಿ ತೋರಿಸಿದೆನು. ಎಲ್ಲರೂ ನಕ್ಕರು; ನಾನೂ ನಕ್ಕೆನು. ಆಕೆ ಹಾಡನ್ನು ಪೂರೈಸಿದಳು.

ಅಲ್ಲಿಂದ ಮುಂದೆ ದೀಪ ಮಾತ್ರ ಹೊತ್ತುತ್ತಿತ್ತು. ಅದನ್ನು ನಾನು ಗಮನಿಸಲೇ ಇಲ್ಲವೆಂದು ಹೇಳಲು ನನಗೆ ನಾಚಿಕೆಯಾಗುತ್ತದೆ. ಐದಾರು ವರ್ಷಗಳು ಹೋದುವು. ಆ ಅವಧಿಯಲ್ಲಿ ಪ್ರತಿವರ್ಷವೂ ಮನೋರಮೆಯ ಪಾತ್ರವನ್ನು ಕುರಿತು ಮಕ್ಕಳಿಗೆ ರಸವತ್ತಾಗಿ ಪಾಠ ಹೇಳಿದೆನು! ಕಡೆಗೆ, ತಂದೆಯವರು ತೀರಿಕೊಂಡ ಮೇಲೆ ನಮ್ಮಲ್ಲಿಗೆ ಬಂದಿರತೊಡಗಿದ ಅಮ್ಮನೇ ಒಂದು ಸಂಜೆ ನನ್ನನ್ನು ಕೇಳಿದಳು: "ಇವಳು ಹಾಡುತ್ತಿದ್ದಳಲ್ಲ, ಈಗ ಇಲ್ಲವೇ?"

ನಾನು ಹೆಂಡತಿಯನ್ನು ಹಾಡೆಂದು ಕೇಳಿದೆನು. "ಮರೆತುಹೋಗಿದೆ" ಎಂದು ಆಕೆ ಅಕ್ಕಿಯಲ್ಲಿನ ಕಲ್ಲು ಆರಿಸುವುದನ್ನು ಮುಂದುವರಿಸಿದಳು. ಮಂಗಳೂರಿಗೆ ಹೋಗಿ ಒಂದು ಶ್ರುತಿಪೆಟ್ಟಿಗೆಯನ್ನು ತಂದೆನು. ಅದು ಕಪಾಟಿನ ಮೇಲಿದೆ. ಧೂಳು ಒರಸುವವಳೂ ಆಕೆಯೇ. ಅದು ಆಕೆಗಾಗಿ ತಂದುದಲ್ಲ, ನನ್ನ ಮನಸ್ಸಿನ ಭಾರವನ್ನು ಇಳಿಸಿಕೊಳ್ಳಲು ತಂದುದೆಂದು ತಿಳಿಯುವುದಕ್ಕೆ ಮತ್ತೊಂದು ವರ್ಷ ಬೇಕಾಯಿತು.

ಆಮೇಲೆ ನಾನು ಹಾಡಿನ ಮಾತೆತ್ತಲಿಲ್ಲ. ಸಂಜೆಯ ಹೊತ್ತಿನ ಉತ್ತರಪತ್ರಿಕೆಗಳನ್ನು ರಾತ್ರಿಗೆ ಮುಂದೂಡಿ, ಅಡುಗೆಮನೆಯಲ್ಲಿ ಹೆರೆಮಣೆಯ ಮೇಲೆ ಕುಳಿತು ತೆಂಗಿನಕಾಯಿ ತುರಿಯುವ ಕೆಲಸವನ್ನು ವಹಿಸಿಕೊಂಡೆನು. ಮೊದಮೊದಲು ಕರಟವೂ ಸೇರಿ ಬರುತ್ತಿತ್ತು. ಕ್ರಮೇಣ ಕೈ ಹದಕ್ಕೆ ಬಂದಿತು. ಕಾಯಿ ತುರಿಯುವುದಕ್ಕೂ ಒಂದು ನಡೆಯುಂಟು; ಬಲ್ಲವರು ಬಲ್ಲರು.

ಕಳೆದ ಆಷಾಢದ ಒಂದು ಸಂಜೆ. ಎರಡು ದಿನಗಳಿಂದ ಬಿಡದ ಮಳೆ, ವಿದ್ಯುತ್ತಿಲ್ಲ. ಒಲೆಯ ಬೆಳಕಿನಲ್ಲಿ ಆಕೆ ಏನನ್ನೋ ಕದಡುತ್ತಿದ್ದಳು, ನಾನು ತುರಿಯುತ್ತಿದ್ದೆನು. ಆ ಸದ್ದಿನ ಮೇಲೆ ತೀರ ಮೆಲ್ಲನೆ ಒಂದು ಗುನುಗು ಬಂದಿತು. ಮೊದಲು ಧಾಟಿ ಮಾತ್ರ, ಆಮೇಲೆ ಪದಗಳು. ಅದೇ ದೇವರನಾಮ. ಎರಡನೆಯ ನುಡಿಗೆ ಬಂದಾಗ ಅದೇ ಮಹಾಪ್ರಾಣ ಅಲ್ಲಿಯೇ ತಪ್ಪಿತು. ನನಗರಿಯದೆಯೇ ನನ್ನ ಕೈ ನಿಂತಿತು. ಹಾಡೂ ನಿಂತಿತು.

ನಾನು ತಲೆಯೆತ್ತಲಿಲ್ಲ. ಮತ್ತೆ ತುರಿಯತೊಡಗಿದೆನು. ಕಾಯಿಯ ಒಂದು ಹೋಳು ಮುಗಿಯುವಷ್ಟು ಹೊತ್ತು ಬರಿಯ ಮಳೆಯ ಸದ್ದು. ಆಮೇಲೆ ಹಾಡು ಎಲ್ಲಿ ನಿಂತಿತ್ತೋ ಅಲ್ಲಿಂದಲೇ, ಅದೇ ತಪ್ಪಿನೊಡನೆ, ಮುಂದುವರಿಯಿತು. ಅಂದಿನ ಅಡುಗೆಗೆ ಒಂದು ಕಾಯಿ ಸಾಕಾಗಿತ್ತು. ನಾನು ಮೂರು ತುರಿದೆನು. ಮರುದಿನ ಮನೆಯಲ್ಲಿ ಯಾವ ವಿಶೇಷವೂ ಇಲ್ಲದೆ ಕಾಯಿಹಾಲಿನ ಪಾಯಸವಾಯಿತು. ಏತಕ್ಕೆಂದು ಅಮ್ಮ ಕೇಳಲಿಲ್ಲ. ಎರಡು ಸಲ ಬಡಿಸಿಕೊಂಡಳು.