ಹಸುಳೆಯ ಕೆಮ್ಮು



ಮಳೆಗಾಲ ಹಿಂಗಿ ಚಳಿ ಮೂಡುವ ದಿನಗಳಲ್ಲಿ ಹುಮನಾಬಾದಿನ ಕಡೆಯಿಂದ ಕಲಬುರಗಿಗೆ ಬರುವ ಬಸ್ಸನ್ನು ಕಮಲಾಪುರದಲ್ಲಿ ಹತ್ತಿದವರು, ಸೆರಗಿನೊಳಗೆ ಕೂಸನ್ನು ಮುಚ್ಚಿಕೊಂಡು ಕುಳಿತ ತಾಯಂದಿರನ್ನು ಕಂಡಿರಬಹುದು. ಕೂಸಿಗೆ ಕೆಮ್ಮು. ಕೆಂಬಾಳೆಗೆ ಹೆಸರಾದ ಆ ಊರಿನಿಂದ ಅದನ್ನು ನಗರಕ್ಕೆ ತರಬೇಕಾಗಿತ್ತೆ? ತರಬೇಕಾಗಿದ್ದರೆ, ನಿನ್ನೆಯೇ ತರಬೇಕಾಗಿತ್ತಲ್ಲವೆ? ಇಂದು ನಾವು ವಿಚಾರಿಸಬೇಕೆಂದಿರುವುದು ಈ ಪ್ರಶ್ನೆಯನ್ನೇ.

ಕೆಮ್ಮುವ ಮಕ್ಕಳಲ್ಲಿ ಬಹುಪಾಲಿಗೆ ಇರುವುದು ಬರಿಯ ನೆಗಡಿ. ಅದು ತಾನಾಗಿ ಬಂದು ತಾನಾಗಿ ಹೋಗುವುದು. ಕೆಲವು ಮಕ್ಕಳಲ್ಲಿ ಮಾತ್ರ ರೋಗವು ಪುಪ್ಪುಸಗಳಿಗಿಳಿದು ನ್ಯುಮೋನಿಯವಾಗುತ್ತದೆ; ಪ್ರಾಣಕ್ಕೆ ಸಂಚಕಾರವಿರುವುದು ಇವರಿಗೆ. ಇವೆರಡನ್ನೂ ಬೇರ್ಪಡಿಸಲು ವೈದ್ಯನ ಕಿವಿಗೊಳವೆಯೂ ಕ್ಷಕಿರಣ ಚಿತ್ರವೂ ಬೇಕೇ ಬೇಕೆಂದು ಬಹುಕಾಲ ನಂಬಲಾಗಿತ್ತು. ೧೯೮೦ರ ದಶಕದಲ್ಲಿ ಪಾಪುವಾ ನ್ಯೂಗಿನಿಯಲ್ಲಿ ಫ್ರಾಂಕ್ ಶಾನ್ ಮೊದಲಾದ ವೈದ್ಯರು, ಉಸಿರಿನ ವೇಗವನ್ನು ಎಣಿಸಿದರೇ ಬಹುಮಟ್ಟಿಗೆ ತಿಳಿಯುವುದೆಂದು ತೋರಿಸಿದರು.

ನಮ್ಮ ನೆರೆಯ ಮಹಾರಾಷ್ಟ್ರದ ಗಡಚಿರೋಲಿಯಲ್ಲಿ ಅಭಯ ಬಂಗ್ ಮತ್ತು ರಾಣಿ ಬಂಗ್ ದಂಪತಿಗಳು ಇದನ್ನೇ ಹಳ್ಳಿಯ ಸೂಲಗಿತ್ತಿಯರಿಗೂ ಆರೋಗ್ಯ ಕಾರ್ಯಕರ್ತರಿಗೂ ಕಲಿಸಿದರು. ಓದುಬಾರದ ಸೂಲಗಿತ್ತಿಯು ಹೇಗೆ ಎಣಿಸಿಯಾಳು ಎಂದು ನೀವು ಕೇಳಬಹುದು. ಆಕೆಗಾಗಿ ಒಂದು ನಿಮಿಷದ ಮರಳುಗಡಿಯಾರವನ್ನೂ ಸರಿಸುವ ಮಣಿಗಳನ್ನೂ ಕೂಡಿಸಿದ ಸಣ್ಣ ಸಾಧನವೊಂದನ್ನು ಮಾಡಲಾಯಿತು. ೧೯೯೦ರಲ್ಲಿ ಪ್ರಕಟವಾದ ಅವರ ವರದಿಯಂತೆ, ಈ ಏರ್ಪಾಡಿದ್ದ ಹಳ್ಳಿಗಳಲ್ಲಿ ನ್ಯುಮೋನಿಯದಿಂದ ಸತ್ತ ಮಕ್ಕಳ ಪ್ರಮಾಣವು ಇಲ್ಲದ ಹಳ್ಳಿಗಳದ್ದಕ್ಕಿಂತ ಅರ್ಧಕ್ಕೂ ಕಡಿಮೆಯಾಗಿತ್ತು.

ಲೆಕ್ಕ ಹೀಗಿದೆ. ಕೂಸು ಅಳದೆ ಶಾಂತವಾಗಿರುವಾಗ ಅಂಗಿಯನ್ನು ಮೇಲೆತ್ತಿ, ಗಡಿಯಾರದ ಸೆಕೆಂಡು ಮುಳ್ಳನ್ನು ನೋಡುತ್ತ ಪೂರ್ತಿ ಒಂದು ನಿಮಿಷ ಎಣಿಸಬೇಕು. ಅರ್ಧ ನಿಮಿಷ ಎಣಿಸಿ ಇಮ್ಮಡಿ ಮಾಡುವುದು ಸೋಮಾರಿಯ ಲೆಕ್ಕ. ಎರಡು ತಿಂಗಳೊಳಗಿನ ಕೂಸಿಗೆ ೬೦, ಎರಡರಿಂದ ಹನ್ನೆರಡು ತಿಂಗಳವರೆಗೆ ೫೦, ಆಮೇಲೆ ಐದು ವರ್ಷದವರೆಗೆ ೪೦. ಉಸಿರು ಈ ಸಂಖ್ಯೆಯನ್ನು ಮುಟ್ಟಿದರೆ ಅಥವಾ ಮೀರಿದರೆ, ಇಲ್ಲವೆ ಉಸಿರೆಳೆಯುವಾಗ ಎದೆಯ ಕೆಳಭಾಗ ಒಳಕ್ಕೆ ಸೆಳೆದರೆ, ಆ ದಿನವೇ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಒಯ್ಯತಕ್ಕದ್ದು. ಸಾಧಾರಣ ನ್ಯುಮೋನಿಯಕ್ಕೆ ಅಲ್ಲಿ ಕೊಡುವ ಅಮಾಕ್ಸಿಸಿಲಿನ್ ಸಾಕು. ಜ್ವರ ಇಳಿಯಿತೆಂದು ನಡುವೆ ಬಿಡದೆ ಹೇಳಿದಷ್ಟು ದಿನವೂ ಕೊಡಬೇಕು. ಎರಡು ತಿಂಗಳೊಳಗಿನ ಕೂಸಿನ ಮಾತು ಬೇರೆ. ಅದಕ್ಕೆ ಆಸ್ಪತ್ರೆಯೇ ಗತಿ.

ಇನ್ನು ನಗರವಾಸಿಗಳಾದ ನಮ್ಮ ಮಾತು. ಹಳ್ಳಿಯವರು ಕೂಸಿಗೆ ಬರೆ ಹಾಕುವರೆಂದು ನಾವು ಮೂಗು ಮುರಿಯುತ್ತೇವೆ. ಅದು ಖಂಡನೀಯವೇ ಸರಿ. ಆದರೆ ನೆಗಡಿ ಬಂದೊಡನೆ ಅಂಗಡಿಯಿಂದ ಕೆಮ್ಮಿನ ಸಿರಪ್ಪನ್ನು ತಂದು ಚಮಚೆಗಟ್ಟಲೆ ಕುಡಿಸುವ ನಮ್ಮ ಪದ್ಧತಿಯು ಯಾವ ಜಾಣತನ? ೨೦೨೫ರಲ್ಲಿ ಮಧ್ಯಪ್ರದೇಶದ ಛಿಂದ್ವಾಡದಲ್ಲಿ, ಡೈಎಥಿಲೀನ್ ಗ್ಲೈಕಾಲ್ ಎಂಬ ವಿಷ ಬೆರೆತ ಸಿರಪ್ಪನ್ನು ಕುಡಿದ ಮಕ್ಕಳು ಮೂತ್ರಪಿಂಡ ಕೆಟ್ಟು ಸತ್ತರು. ಅದೇ ವರ್ಷ ಕೇಂದ್ರ ಸರ್ಕಾರದ ಆರೋಗ್ಯ ಇಲಾಖೆಯು, ಎರಡು ವರ್ಷದೊಳಗಿನವರಿಗೆ ಇಂಥ ಔಷಧ ಕೂಡದು, ಐದು ವರ್ಷದೊಳಗಿನವರಿಗೂ ಸಾಮಾನ್ಯವಾಗಿ ಬೇಡ ಎಂದು ಸಾರಿತು. ಮೊಲೆಹಾಲು, ಬೆಚ್ಚನೆಯ ನೀರು, ವರ್ಷ ತುಂಬಿದ ಮಗುವಿಗೆ ತುಸು ಜೇನು, ಇಷ್ಟೇ ಸಾಕು.

ತೊಗರಿಯ ನಾಡಿದು, ಕೊಯ್ಲಾದ ಮೇಲೆ ತೊಗರಿಕಟ್ಟಿಗೆಯೇ ಎಷ್ಟೋ ಒಲೆಗಳಿಗೆ ಉರುವಲು. ಆ ಹೊಗೆಯಲ್ಲಿ ತೊಟ್ಟಿಲು ಕಟ್ಟಬಾರದು. ನ್ಯುಮೋನಿಯವನ್ನು ತಡೆವ ಪಿ.ಸಿ.ವಿ. ಲಸಿಕೆಯು ೨೦೨೧ರಿಂದ ದೇಶದೆಲ್ಲೆಡೆ ಧರ್ಮಾರ್ಥವಾಗಿ ದೊರೆಯುತ್ತಿದೆ; ಆರನೆಯ ವಾರ, ಹದಿನಾಲ್ಕನೆಯ ವಾರ, ಒಂಬತ್ತನೆಯ ತಿಂಗಳು, ಈ ಮೂರನ್ನೂ ತಪ್ಪಿಸಬಾರದು.

ಮರಳಿ ಬಸ್ಸಿಗೆ ಬರೋಣ. ಕೂಸು ಹಾಲು ಕುಡಿಯಲಾರದು, ಕುಡಿದುದನ್ನೆಲ್ಲ ಕಕ್ಕುವುದು, ಸೆಳವು ಬಂದಿದೆ, ಅಥವಾ ಎಬ್ಬಿಸಿದರೂ ಕಣ್ಣು ತೆರೆಯದು; ಇವುಗಳಲ್ಲಿ ಒಂದಿದ್ದರೂ ಬಸ್ಸಿಗೆ ಕಾಯದೆ ೧೦೮ಕ್ಕೆ ಕರೆಮಾಡಿ ದೊಡ್ಡ ಆಸ್ಪತ್ರೆಗೆ ಒಯ್ಯಬೇಕು. ಹೊರಡುವ ಮುನ್ನ ಔಷಧದ ಮೊದಲ ಸರದಿಯನ್ನು ಕಮಲಾಪುರದಲ್ಲಿಯೇ ಕೊಡಿಸಬೇಕು. ಏನು ಕೊಟ್ಟರು, ಎಷ್ಟು ಹೊತ್ತಿಗೆ ಕೊಟ್ಟರು ಎಂಬ ಚೀಟಿಯು ತಾಯಿಯ ಕೈಯಲ್ಲಿರಲಿ. ಕಲಬುರಗಿಯ ವೈದ್ಯರು ಮೊದಲು ಕೇಳುವುದು ಅದನ್ನೇ.